ಸೊಂಟದ ಅಳತೆ

ಕಟಿಂಗ್ ಮಾಸ್ಟರಿಗೆ ಒಂದು ನೇಮವಿತ್ತು. ಗಿರಾಕಿಯ ಅಳತೆ ತೆಗೆಯುವಾಗ ಅವರು ಗಿರಾಕಿಯ ಮುಖ ನೋಡುತ್ತಿರಲಿಲ್ಲ. ಕಣ್ಣು ಟೇಪಿನ ಮೇಲೆ, ಇಲ್ಲವೇ ಎದುರಿನ ಗೋಡೆಯ ಮೇಲೆ. ಬಾಯಲ್ಲಿ ಬಿಸಿಲು, ಮಳೆ, ರಸ್ತೆ ಅಗೆದು ಮುಚ್ಚದೆ ಹೋದವರ ಸುದ್ದಿ. ಟೇಪು ಹಿಡಿದವನ ಮುಂದೆ ಎಂಥ ದೊಡ್ಡ ಮನುಷ್ಯನೂ ಅರ್ಧ ಬೆತ್ತಲೆ, ಮೈಮೇಲೆ ಬಟ್ಟೆಯಿದ್ದರೂ ಅಷ್ಟೆ. ಒಬ್ಬರ ಎಡಭುಜ ಇಳಿದಿರುತ್ತದೆ, ಇನ್ನೊಬ್ಬರ ಹೊಟ್ಟೆ ಬೆಲ್ಟು ದಾಟಿ ಹೊರಗೆ ಬಂದಿರುತ್ತದೆ, ಮತ್ತೊಬ್ಬರು ಉಸಿರು ಬಿಗಿಹಿಡಿದು ಸೊಂಟ ಸಣ್ಣ ಮಾಡಿ ತೋರಿಸಲು ಒದ್ದಾಡುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಮುಖ ನೋಡಿದರೆ ಅವರ ಮಾನ ಹೋಗುತ್ತದೆ ಎಂಬುದು ಮಾಸ್ಟರ ನಂಬಿಕೆ. ಚೀಟಿಗೆ ಬರೆದುಕೊಳ್ಳುವವರಿಗೆ ಅಂಕಿ ಕೂಗುವುದು, ಹೊಟ್ಟೆಯಿದ್ದರೆ "ಮುಂದೆ ಸ್ವಲ್ಪ ಬಿಡು" ಎನ್ನುವುದು, ಅಲ್ಲಿಗೆ ಮುಗಿಯಿತು.

ಆ ನೇಮಕ್ಕೆ ಬೆಲೆಯೂ ಇತ್ತು. ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಕರುಳಿನ ಆಪರೇಷನ್ ಆದಮೇಲೆ ಹೊಟ್ಟೆಯ ಪಕ್ಕಕ್ಕೆ ಚೀಲ ಅಂಟಿಸಿಕೊಂಡು ಬದುಕುತ್ತಿದ್ದರು. ಹೊರಗೆ ಹೋಗಬೇಕಾದದ್ದೆಲ್ಲ ಆ ಚೀಲಕ್ಕೇ ಹೋಗುತ್ತಿತ್ತು. ಅವರಿಗೆ ಮಾಸ್ಟರ್ ಸೊಂಟಪಟ್ಟಿ ಎತ್ತರಿಸಿ, ಒಳಗೆ ಮೆತ್ತನೆಯ ಬಟ್ಟೆಯ ಜೇಬು ಕೊಟ್ಟು, ಹೊರಗಿನವರಿಗೆ ಏನೂ ತಿಳಿಯದ ಹಾಗೆ ಪ್ಯಾಂಟು ಕತ್ತರಿಸಿ ಕೊಡುತ್ತಿದ್ದರು. ಮ್ಯಾನೇಜರ್ ವರ್ಷವರ್ಷವೂ ಬರುತ್ತಿದ್ದರು, ಮಾಸ್ಟರ್ ವರ್ಷವರ್ಷವೂ ಗೋಡೆ ನೋಡುತ್ತ ಮಳೆಯ ಮಾತಾಡುತ್ತಿದ್ದರು. ಚೀಲದ ವಿಷಯ ಇಬ್ಬರ ಬಾಯಲ್ಲೂ ಬಂದದ್ದಿಲ್ಲ. ಇದು ಮಾಸ್ಟರಿಗೆ ಒಳಗೊಳಗೇ ದೊಡ್ಡ ಹೆಮ್ಮೆ.

ಇಂಥ ಮಾಸ್ಟರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಮೊದಲು ಬಲಗೈಯ ಹೆಬ್ಬೆರಳು ತಾನಾಗಿ ಕುಣಿಯಿತು, ಆಮೇಲೆ ಹೆಜ್ಜೆ ಚಿಕ್ಕದಾಯಿತು, ಆಮೇಲೆ ದನಿ ತಗ್ಗಿತು. ಡಾಕ್ಟರಮ್ಮ ಕೊಟ್ಟ ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೆ ಕೈ ಹತೋಟಿಗೆ ಬರುತ್ತಿತ್ತು. ಆ ಹೊತ್ತು ನೋಡಿಕೊಂಡು ಅವರು ಕತ್ತರಿ ಹಿಡಿಯುತ್ತಿದ್ದರು. ಒಂದೆರಡು ವರ್ಷ ಹೇಗೋ ನಡೆಯಿತು. ಈಚೆಗೆ ಏನಾಯಿತೋ, ಮಾತ್ರೆ ನುಂಗಿ ಕಾದು ಕೂತರೂ ಕೈ ಮಾತು ಕೇಳಲೊಲ್ಲದು. ಗಿರಾಕಿಗಳ ಪ್ಯಾಂಟು ಅಡ್ಡಾದಿಡ್ಡಿ ಕತ್ತರಿಸಿ ಹೋದವು. ಒಳಗಿನ ಕೋಣೆಯಲ್ಲಿ ಮೆಷಿನ್ ತುಳಿಯುವ ಮಗ ಎಷ್ಟು ದಿನ ಅಂತ ಸುಮ್ಮನಿದ್ದಾನು.

"ಅಪ್ಪ, ಈ ಸಲ ಡಾಕ್ಟರ ಹತ್ರ ಹೋಗಿ ಬನ್ನಿ. ಏನೋ ಬದಲಾಯಿಸಿ ಕೊಡ್ತಾರೆ. ಅದಕ್ಕೂ ಕೈ ಸರಿ ಹೋಗ್ಲಿಲ್ಲ ಅಂದ್ರೆ ಕಟಿಂಗಿಗೆ ಬೇರೆಯವರನ್ನ ಇಟ್ಕೊಳ್ಳೋಣ. ನೀವು ಮೇಲೆ ಆರಾಮಾಗಿ ಇರಿ" ಎಂದ.

ಆರಾಮು ಎಂಬ ಪದ ಕೇಳಿದರೆ ಮಾಸ್ಟರಿಗೆ ಮೈ ಉರಿಯುತ್ತಿತ್ತು. ಮೀಸೆ ಮೂಡುವ ಮೊದಲೇ ಹಿಡಿದ ಕತ್ತರಿ ಅದು. ಅದರ ಹಿಡಿ ಅವರ ಹೆಬ್ಬೆರಳಿನ ಗಾತ್ರಕ್ಕೇ ಸವೆದಿತ್ತು. ಅದನ್ನು ಇನ್ನೊಬ್ಬನ ಕೈಗೆ ಕೊಟ್ಟು, ಅಂಗಡಿಯ ಮೇಲಿನ ಮನೆಯಲ್ಲಿ ಕಿಟಕಿ ಪಕ್ಕ ಕೂತು ದಾರಿಹೋಕರ ಪ್ಯಾಂಟಿನ ತಪ್ಪು ಹುಡುಕುತ್ತ ಕಾಲ ಕಳೆಯುವುದೆಂದರೆ ಬದುಕಿದ್ದೂ ಸತ್ತ ಹಾಗೆ. ಕತ್ತರಿ ಉಳಿಸಿಕೊಳ್ಳಲು ಏನು ಬೇಕಾದರೂ ಮಾಡುತ್ತೇನೆ ಎಂದು ಅವರು ಮನಸ್ಸಿನಲ್ಲೇ ಅಂದುಕೊಂಡರು. ಒಂದನ್ನು ಬಿಟ್ಟು.

ಆ ಒಂದು ಯಾವುದೆಂದರೆ, ಬಾಯಿ ಬಿಟ್ಟು ಹೇಳುವುದು. ಮಾಸ್ಟರಿಗೆ ಹೊಟ್ಟೆ ಕಟ್ಟಿತ್ತು. ಒಂದು ದಿನ ಎರಡು ದಿನದ ಮಾತಲ್ಲ, ತಿಂಗಳುಗಳಿಂದ. ಬೆಳಗ್ಗೆ ಕಕ್ಕಸಿಗೆ ಹೋಗಿ ಕೂತರೆ ಕಾಲು ಮರಗಟ್ಟುವ ತನಕ ಕೂತು, ಹಲ್ಲು ಕಚ್ಚಿ, ಬೆವರು ಸುರಿಸಿ, ಬರಿಗೈಯಲ್ಲಿ ಎದ್ದು ಬರುವುದು. ಬರುವಾಗ ಏನೋ ದೊಡ್ಡ ಕೆಲಸ ಮುಗಿಸಿದವರ ಹಾಗೆ ಒಂದು ಬಕೆಟ್ ನೀರು ಸುರಿದು ಬರುವುದು. ಕಕ್ಕಸಿನ ಬಾಗಿಲು ಅಡುಗೆಮನೆಗೆ ಎದುರು. ಒಳಗೆ ಕೆಮ್ಮಿದರೂ ಹೊರಗೆ ಕೇಳುತ್ತದೆ. ಹೊರಗೆ ಸೊಸೆ ನಿಂತಿರುತ್ತಾಳೆ, ಒಳಗೆ ಮಾವ ತಿಣುಕುತ್ತಿರುತ್ತಾನೆ. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ? ಅದಕ್ಕೇ ಅವರು ಊಟ ಕಡಿಮೆ ಮಾಡಿದರು. ಒಳಗೆ ಹೋಗದಿದ್ದರೆ ಹೊರಗೆ ಬರುವ ಗೋಜೂ ಇಲ್ಲವೆಂದು ಅವರ ಲೆಕ್ಕ. ನಡುಗುವ ಕೈಯಲ್ಲಿ ಪ್ಯಾಂಟಿನ ಗುಂಡಿ ಬಿಚ್ಚುವ ಕಷ್ಟ ತಪ್ಪಲೆಂದು ನೀರನ್ನೂ ಕಡಿಮೆ ಮಾಡಿದರು. ಹೊಟ್ಟೆ ಇನ್ನಷ್ಟು ಕಲ್ಲಾಯಿತು.

ಹೊಟ್ಟೆ ಉಬ್ಬಿದಾಗ ಪ್ಯಾಂಟು ಬಿಗಿಯಾಗಬೇಕಲ್ಲ, ಆಯಿತು. ಯಾರೂ ಇಲ್ಲದ ಹೊತ್ತು ನೋಡಿ ಮಾಸ್ಟರ್ ತಮ್ಮದೇ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ ಸೊಂಟ ಸಡಿಲಿಸಲು ಕೂತಿದ್ದರು. ಹೆಂಡತಿ ಬಂದುಬಿಟ್ಟಳು. ಆಕೆ ಅಂಗಡಿಯ ಕಾಜಾ, ಗುಂಡಿ, ಕೈಹೊಲಿಗೆ ಎಲ್ಲಕ್ಕೂ ಒಡತಿ. ಮಂಡಿನೋವಿನಿಂದ ಈಚೆಗೆ ಮೆಟ್ಟಿಲಿಳಿಯುವುದು ಅಪರೂಪ, ಆವತ್ತೇ ಇಳಿಯಬೇಕೆ.

"ಏನ್ರೀ, ಬಿಗಿ ಆಯ್ತಾ?" ಎಂದು ಕೇಳಿದವಳೇ ಟೇಪು ತೆಗೆದು ಗಂಡನ ಸೊಂಟಕ್ಕೆ ಸುತ್ತಿದಳು. ಅಂಕಿ ನೋಡಿದಳು, ಮುಖ ಅರಳಿತು. "ಎರಡು ಇಂಚು ಮೇಲೆ ಬಂದಿದೆ. ಈ ಕಾಯಿಲೆ ಬಂದೋರು ಒಣಗಿ ಕಡ್ಡಿ ಆಗ್ತಾರೆ ಅಂತ ಎಲ್ರೂ ಹೆದರಿಸಿದ್ರು ನನ್ನ. ನೋಡಿ, ನಿಮಗೆ ಮೈ ಹಿಡೀತಿದೆ."

ಆಗ ಹೇಳಬಹುದಿತ್ತು. ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಡತಿ, ಹೇಳಿದ್ದರೆ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು, ನಾಲ್ಕು ಬೈಯುತ್ತಿದ್ದಳು, ಅಷ್ಟೇ ತಾನೆ. ಆದರೆ ಆಕೆಯ ಮುಖ ಅಷ್ಟು ಬೆಳಗಿದ್ದು ನೋಡಿ ಮಾಸ್ಟರ ನಾಲಿಗೆ ಹೊರಳಲಿಲ್ಲ. "ನಿನ್ನ ಕೈಯೂಟ ಕಣೆ" ಎಂದುಬಿಟ್ಟರು. ಟೇಪು ಸುಳ್ಳು ಹೇಳುವುದಿಲ್ಲ ಎಂದು ನಂಬಿದ ಮನೆಯಲ್ಲಿ ಟೇಪಿನ ಹೆಸರಿನಲ್ಲೇ ಒಂದು ಸುಳ್ಳು ನಿಂತುಕೊಂಡಿತು.

ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಹೆಂಡತಿಯ ಮಂಡಿನೋವಿನಿಂದಾಗಿ ಸೊಸೆಯ ಪಾಲಿಗೆ ಬಂದಿತ್ತು. ಸೊಸೆ ಹೊಲಿಗೆಯ ಗಂಧಗಾಳಿಯಿಲ್ಲದ ಮನೆಯಿಂದ ಬಂದವಳು. ಮದುವೆಯಾದ ಮೇಲೆ ಮಾವನ ಹತ್ತಿರವೇ ಅಳತೆ ತೆಗೆಯಲು ಕಲಿತಳು. ಬೇಗ ಕಲಿತಳು, ಮಾತು ಮಾತ್ರ ಕಲಿಯಲಿಲ್ಲ. ಮನಸ್ಸಿನಲ್ಲಿ ಬಂದದ್ದು ನೆಟ್ಟಗೆ ಬಾಯಿಗೆ. "ಅಂಕಲ್, ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕೊಂಡ್ರೆ ಪ್ಯಾಂಟಿಗೇನು ಗೊತ್ತಾಗುತ್ತೆ" ಎಂದು ಒಬ್ಬ ಗಿರಾಕಿಯ ಮುಖ ನೋಡಿಯೇ ಹೇಳಿದ್ದಳು. ಗಿರಾಕಿ ನಕ್ಕರು, ಮಾಸ್ಟರಿಗೆ ಮಾತ್ರ ನೆಲ ಬಿರಿದು ಒಳಗೆ ಹೋಗಬಾರದೆ ಅನ್ನಿಸಿತ್ತು.

ಡಾಕ್ಟರಮ್ಮ ಕೈ ಮಡಚಿ ನೋಡಿದರು, ನಡೆಸಿ ನೋಡಿದರು, ಆಮೇಲೆ ಬರೆಯುತ್ತ ಕೇಳಿದರು. "ಮೋಷನ್ ಸರಿಯಾಗಿ ಆಗ್ತಿದೆಯಾ ಯಜಮಾನ್ರೇ?"

ಪಕ್ಕದಲ್ಲಿ ಸೊಸೆ, ಎದುರಿಗೆ ಮಗಳ ವಯಸ್ಸಿನ ಹೆಂಗಸು. ಮಾಸ್ಟರ್ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. "ಆಗ್ತದೆ. ಗಡಿಯಾರ ಇಟ್ಟ ಹಾಗೆ" ಎಂದರು.

"ಅತ್ತೆ ಹೇಳಿ ಕಳಿಸಿದ್ದಾರೆ, ಮಾವಂಗೆ ಮೈ ಹಿಡಿದಿದೆಯಂತೆ. ಸೊಂಟ ಎರಡು ಇಂಚು ಜಾಸ್ತಿಯಾಗಿದೆ" ಎಂದಳು ಸೊಸೆ.

"ಒಳ್ಳೇದಾಯ್ತು. ಈ ಕಾಯಿಲೆಯಲ್ಲಿ ತೂಕ ಇಳಿಯೋದೇ ನಮಗೆ ಚಿಂತೆ" ಎಂದು ಡಾಕ್ಟರಮ್ಮ ಮಾತ್ರೆ ಹೆಚ್ಚಿಸಿ, ನಡುಕಕ್ಕೆಂದು ಇನ್ನೊಂದು ಬರೆದರು. "ಇದು ಸ್ವಲ್ಪ ಹೊಟ್ಟೆ ಕಟ್ಟಿಸುತ್ತೆ. ಮೊದಲೇ ಆ ತೊಂದ್ರೆ ಇದ್ದೋರಿಗೆ ನಾನು ಕೊಡೋದೇ ಇಲ್ಲ, ಅದಕ್ಕೇ ಕೇಳಿದ್ದು."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಮಾಸ್ಟರ್ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದರೆ, ಹಾಗಾದರೆ ಈಗ ಹೇಳಿದ್ದು ಸುಳ್ಳೇ ಎಂಬ ಪ್ರಶ್ನೆ ಬರುತ್ತದೆ. ಸೊಂಟದ ಮಾತು ಬರುತ್ತದೆ. ಮನೆಗೆ ಹೋದಮೇಲೆ ಹೆಂಡತಿಯ ಮುಖ ನೋಡಬೇಕಾಗುತ್ತದೆ. ಅದಕ್ಕಿಂತ ಮಾತ್ರೆ ನುಂಗುವುದೇ ಸುಲಭವೆಂದುಕೊಂಡ ಪುಣ್ಯಾತ್ಮ ಚೀಟಿ ಮಡಚಿ ಜೇಬಿಗಿಟ್ಟುಕೊಂಡರು.

ಹೊಸ ಮಾತ್ರೆ ಶುರುವಾದ ಮೇಲೆ ಮಾಸ್ಟರ ಸ್ಥಿತಿ ಪಾತಾಳಕ್ಕಿಳಿಯಿತು. ಹೊಟ್ಟೆ ಬಿಗಿದ ಡೋಲು. ಎರಡು ತುತ್ತಿಗೇ ಸಾಕೆನ್ನಿಸಿ ತಟ್ಟೆ ಸರಿಸುವುದು, "ಮಧ್ಯಾಹ್ನ ಜಾಸ್ತಿ ತಿಂದೆ" ಎಂದು ಕುಂಟುನೆಪ ಹೇಳುವುದು. ಕೈ ಸರಿಯಾಗುವುದಿರಲಿ, ಮಾತ್ರೆ ನುಂಗಿದ್ದೇ ಸುಳ್ಳೋ ಎನ್ನುವ ಹಾಗೆ ಮೈ ಕಟ್ಟಿಗೆಯಾಗಿ ನಿಲ್ಲುತ್ತಿತ್ತು. ಇಷ್ಟರ ಮೇಲೆ ಇನ್ನೊಂದು ಶುರುವಾಯಿತು. ಇದ್ದಕ್ಕಿದ್ದ ಹಾಗೆ, ಹೇಳದೆ ಕೇಳದೆ, ಒಳಬಟ್ಟೆ ಸ್ವಲ್ಪ ಸ್ವಲ್ಪ ಒದ್ದೆಯಾಗುತ್ತಿತ್ತು. ಭೇದಿ ಶುರುವಾಯಿತೆಂದು ಮಾಸ್ಟರ್ ತಿಳಿದರು. ಔಷಧಿ ಅಂಗಡಿಗೆ ತಾವೇ ಹೋಗಿ, ಬೇರೆ ಗಿರಾಕಿ ಹೋಗುವ ತನಕ ಬಾಚಣಿಗೆ ನೋಡುತ್ತ ನಿಂತು, ಭೇದಿ ನಿಲ್ಲುವ ಮಾತ್ರೆ ತಂದು ಗುಟ್ಟಾಗಿ ನುಂಗಿದರು. ಕಟ್ಟಿದ ಹೊಟ್ಟೆಗೆ ಕಟ್ಟುವ ಮಾತ್ರೆ. ಬುದ್ಧಿವಂತ ಮನುಷ್ಯನೂ ನಾಚಿಕೆ ಹಿಡಿದರೆ ಎಂಥ ಪೆದ್ದನಾಗುತ್ತಾನೆ ನೋಡಿ.

ಹೀಗಿರುವಾಗ ಒಂದು ಕರೀ ಕೋಟಿನ ಬಟ್ಟೆ ಬಂತು. ಒಳ್ಳೆಯ ಉಣ್ಣೆ, ಗಿರಾಕಿ ಎಲ್ಲಿಂದಲೋ ತರಿಸಿದ್ದು, ಮತ್ತೆ ಸಿಕ್ಕುವಂಥದ್ದಲ್ಲ. ಮಗ ತಾನೇ ಕತ್ತರಿಸುತ್ತೇನೆ ಎಂದ. ಮಾಸ್ಟರ್ ಬಿಡಲಿಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿ ಹಾಕಿದರು. ಅರ್ಧ ದಾರಿ ಗೆರೆ ಬಿಡದೆ ಹೋದ ಕತ್ತರಿ ಅಲ್ಲೇ ನಿಂತಿತು. ಕೈ ಮುಂದೆ ಹೋಗದು, ಹಿಂದೆ ಬಾರದು. ಮಾಸ್ಟರ್ ಮೈಯ ಶಕ್ತಿಯನ್ನೆಲ್ಲ ಕೈಗೆ ತಂದು ಒತ್ತಿದರು. ಕತ್ತರಿ ಜಾರಿ ಎದೆಭಾಗದ ನಡುವಿಗೇ ಬಾಯಿ ಹಾಕಿತು. ಅದೇ ಒತ್ತಡಕ್ಕೆ ಕೆಳಗೂ ಹತೋಟಿ ತಪ್ಪಿತು. ತೊಡೆಯ ಒಳಬದಿಗೆ ಬೆಚ್ಚಗೆ ಇಳಿಯುತ್ತಿರುವುದು ಗೊತ್ತಾಗಿ ಮಾಸ್ಟರ್ ಮೇಜಿಗೆ ಅಂಟಿಕೊಂಡು ನಿಂತುಬಿಟ್ಟರು.

ಮಗ ಓಡಿ ಬಂದ. ಬಟ್ಟೆ ನೋಡಿ ಅವನ ಮುಖ ಕಪ್ಪಿಟ್ಟಿತು. "ಬೇಡ ಅಂದೆ ನಾನು. ಬೇಡ ಬೇಡ ಅಂದೆ. ಬನ್ನಿ ಅಪ್ಪ, ಕತ್ತರಿ ಕೆಳಗಿಡಿ, ಕೂತ್ಕೊಳ್ಳಿ."

ಮಾಸ್ಟರ್ ಅಲುಗಲಿಲ್ಲ. ಅಲುಗಿದರೆ ಮೇಜಿನ ಮರೆ ತಪ್ಪುತ್ತದೆ.

"ಕಾಲೂ ಹಿಡ್ಕೊಂಡಿದೆ ಅನ್ನಿಸುತ್ತೆ" ಎಂದ ಮಗ, ಕೋಪ ಇಳಿದು ಹೆದರಿದ ದನಿಯಲ್ಲಿ. ಕಾಯಿಲೆಯಿಂದ ಕಾಲು ನಿಂತಿದೆ ಎಂದೇ ಅವನು ತಿಳಿದ. ಮಾಸ್ಟರ್ ಹೌದೆಂದು ತಲೆಯಾಡಿಸಿದರು. ಆ ಕಾಯಿಲೆಯನ್ನು ಅವರು ಮರೆಯಾಗಿ ಹಿಡಿದುಕೊಂಡದ್ದು ಅದೇ ಮೊದಲ ಸಲ.

ಅಷ್ಟರಲ್ಲಿ ಚೀಟಿ ಬರೆಯುತ್ತಿದ್ದ ಸೊಸೆ ಎದ್ದು ಬಂದಳು. ಮೇಜಿನ ಹತ್ತಿರ ಬಂದವಳು ಒಂದು ಗಳಿಗೆ ನಿಂತಳು. ಆಮೇಲೆ ಗಂಡನಿಗೆ "ನೀವು ಗಿರಾಕಿಗೆ ಫೋನ್ ಮಾಡಿ, ಹೊರಗೆ ಹೋಗಿ ಮಾಡಿ, ಇಲ್ಲಿ ಸಿಗ್ನಲ್ ಬರಲ್ಲ" ಎಂದು ಅಟ್ಟಿದಳು. ಅಂಗಡಿಯ ಷಟರ್ ಅರ್ಧ ಎಳೆದು, ಮಾವನ ಕಡೆ ತಿರುಗದೆ ಮೇಲಿನ ಮನೆಗೆ ಹೊರಟುಹೋದಳು. ಮಾಸ್ಟರ್ ಟ್ರಯಲ್ ಕೋಣೆಯ ಪರದೆ ಕಿತ್ತು ಸೊಂಟಕ್ಕೆ ಸುತ್ತಿಕೊಂಡು ಹಿತ್ತಿಲ ನಲ್ಲಿಗೆ ಹೋದರು. ನಡುಗುವ ಕೈಯಲ್ಲಿ ಗುಂಡಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ತಾವೇ ಹೊಲಿದ ಪ್ಯಾಂಟನ್ನು ತಾವೇ ತೊಳೆದರು, ಅಳುತ್ತ ತೊಳೆದರು. ಒಗೆದ ಪರದೆ ಮರುದಿನ ಅದರ ಜಾಗಕ್ಕೆ ಬಂದಿತ್ತು. ಯಾರೂ ಏನೂ ಕೇಳಲಿಲ್ಲ.

ಮಗ ಮಾತ್ರ ಊಟದ ಹೊತ್ತಿಗೆ ತಟ್ಟೆ ನೋಡಿಕೊಂಡು ಹೇಳಿದ. "ಸೋಮವಾರದಿಂದ ಕಟರ್ ಬರ್ತಾನೆ ಅಪ್ಪ. ಮಾತಾಡಿ ಆಯ್ತು."

ಮಾಸ್ಟರ್ ಸರಿ ಎಂದರು. ಕತ್ತರಿ ಹೋಯಿತು. ಒಂದು ಮಾತು ಹೇಳುವುದಕ್ಕಿಂತ ಕತ್ತರಿ ಕೊಡುವುದೇ ಮೇಲೆಂದು ಅವರು ಆ ಗಳಿಗೆಯಲ್ಲಿ ನಿಜವಾಗಿ ನಂಬಿದ್ದರು.

ಸೋಮವಾರಕ್ಕೆ ಮೊದಲೇ ಸೊಸೆ ಟೇಪು ಹಿಡಿದು ಬಂದಳು. ಅಂಗಡಿಯಲ್ಲಿ ಇಬ್ಬರೇ ಇದ್ದರು. "ಮಾವ, ಎದ್ದು ನಿಂತ್ಕೊಳ್ಳಿ. ನಿಮಗೊಂದು ಪ್ಯಾಂಟು ಹೊಲೀತೀನಿ, ಸೊಂಟಕ್ಕೆ ಎಲಾಸ್ಟಿಕ್ ಹಾಕಿ. ಗುಂಡಿ ಬಿಚ್ಚೋ ಕಷ್ಟ ಇರಲ್ಲ."

"ಎಲಾಸ್ಟಿಕ್ಕಾ? ನನಗೆ?" ಎಂದರು ಮಾಸ್ಟರ್. "ಚಿಕ್ಕ ಮಕ್ಕಳ ಚಡ್ಡಿ ಬಿಟ್ರೆ ಈ ಅಂಗಡಿಯಲ್ಲಿ ಯಾವುದಕ್ಕೂ ಎಲಾಸ್ಟಿಕ್ ಹಾಕಿಲ್ಲ ನಾನು."

"ಹಾಕಿಲ್ಲ, ಈಗ ಹಾಕೋಣ. ನಿಂತ್ಕೊಳ್ಳಿ."

ನಿಂತರು. ಸೊಸೆ ಮಾವ ಕಲಿಸಿದ ಹಾಗೆಯೇ ಗೋಡೆ ನೋಡುತ್ತ, ಟೇಪು ನೋಡುತ್ತ ಅಳೆದಳು. ಈ ವರ್ಷ ಸೆಖೆ ಜಾಸ್ತಿ ಎಂದಳು. ಉದ್ದ ತೆಗೆದಳು, ತೊಡೆ ಸುತ್ತಿದಳು, ಯಾಕೋ ಎರಡನೇ ಸಲ ಸುತ್ತಿದಳು. ಪ್ಯಾಂಟಿಗೆ ಬೇಡದ ಕತ್ತಿನ ಅಳತೆಯನ್ನೂ ತೆಗೆದಳು. ಆಮೇಲೆ ಸೊಂಟಕ್ಕೆ ಬಂದಳು, ಟೇಪು ಹಿಡಿದ ಕೈ ಹೊಟ್ಟೆಗೆ ತಾಗಿತು, ಅಲ್ಲೇ ನಿಂತಿತು.

"ತೊಡೆ ಇಳಿದಿದೆ. ಕತ್ತು ಇಳಿದಿದೆ. ಹೊಟ್ಟೆ ಒಂದೇ ಏರಿದೆ, ಅದೂ ಹಲಗೆ ಹಾಗಿದೆ. ಮೈ ಹಿಡಿದ್ರೆ ಎಲ್ಲಾ ಕಡೆ ಹಿಡೀಬೇಕಲ್ವಾ ಮಾವ?" ಸೊಸೆ ಟೇಪಿಗೇ ಕೇಳಿದಳು. "ಹೊರಗಡೆ ಹೋಗಿ ಎಷ್ಟು ದಿನ ಆಯ್ತು?"

"ದಿನಾ ಆಗ್ತದೆ" ಎಂದರು ಮಾಸ್ಟರ್ ಗೋಡೆಗೆ. "ಆವತ್ತು ನೀನೇ ನೋಡಿದ್ಯಲ್ಲ. ಅದು ಭೇದಿ."

ಸೊಸೆ ಟೇಪು ಮೇಜಿನ ಮೇಲಿಟ್ಟಳು. ಮಾವನ ಎದುರಿಗೆ, ಅವರಿಗೂ ಗೋಡೆಗೂ ನಡುವೆ ಬಂದು ನಿಂತಳು. "ಮಾವ, ನನ್ನ ನೋಡಿ."

"ಹೀಗಾ ನಾನು ಕಲಿಸಿದ್ದು ನಿನಗೆ?" ಮಾಸ್ಟರ ದನಿ ಏರಿತು, ಇದ್ದಷ್ಟು ದನಿ. "ಅಳತೆ ಕೊಡೋರ ಮುಖ ನೋಡ್ತಾರಾ? ಮರ್ಯಾದೆ ಇಲ್ವಾ ನಿನಗೆ? ಮಾವನ ಹತ್ರ ಸೊಸೆ ಕೇಳೋ ಮಾತಾ ಇದು?"

ಅವಳು ಕದಲಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು. "ಅಸಹ್ಯ ಪಟ್ಕೊಂಡಿದ್ರೆ ಆವತ್ತೇ ಪಟ್ಕೋತಿದ್ದೆ. ಪರದೆ ಒಗೆದಿದ್ದು ಯಾರು ಅಂದ್ಕೊಂಡಿದ್ದೀರಿ? ಕತ್ತರಿ ಹೋದ್ರೂ ಪರವಾಗಿಲ್ಲ, ಇದನ್ನ ಹೇಳಬಾರದು, ಅಲ್ವಾ? ನನಗೆ ಹೇಳಿ. ಅತ್ತೆಗೆ ನಾನು ಹೇಳ್ತೀನಿ."

ಮಾಸ್ಟರಿಗೆ ನೋಡಲು ಗೋಡೆ ಉಳಿದಿರಲಿಲ್ಲ. ಸ್ಟೂಲಿನ ಮೇಲೆ ಕುಸಿದು ಕೂತರು. ಸರಿಯಾಗಿ ಹೋಗಿ ಯಾವ ಕಾಲವಾಯಿತೋ ನೆನಪಿಲ್ಲವೆಂದರು. ನೀರು ಬಿಟ್ಟದ್ದು, ಬಕೆಟ್ ಸುರಿದದ್ದು, ಭೇದಿಯ ಮಾತ್ರೆ ನುಂಗಿದ್ದು, ಎಲ್ಲ ಹೇಳಿದರು. ಹೇಳುವಾಗ ಅವರ ಕಿವಿಯ ತನಕ ಬಿಸಿಯೇರಿತ್ತು. ಸೊಸೆ ಮುಖ ತಿರುಗಿಸಲಿಲ್ಲ. ಮುಗಿದ ಮೇಲೆ ಆಟೋ ಕರೆದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದ ಕೂಡಲೇ ಒಳಗೆ ಮಲಗಿಸಿದರು. ಗಟ್ಟಿಯಾದದ್ದು ಅಡ್ಡ ಕೂತಿದೆ, ಅದರ ಪಕ್ಕದಿಂದ ನೀರಾದದ್ದು ಸೋರುತ್ತಿದೆ, ಅದನ್ನು ನೀವು ಭೇದಿ ಅಂದುಕೊಂಡಿರಿ ಎಂದರು. ಎನಿಮಾ ಕೊಟ್ಟರು. ಅದೊಂದಕ್ಕೇ ಆಗದೆ ನರ್ಸು ಗ್ಲೌಸು ಹಾಕಿಕೊಂಡು ಕೈಯಿಂದಲೇ ತೆಗೆಯಬೇಕಾಯಿತು. ಮಾಸ್ಟರ್ ಗೋಡೆಗೆ ಮುಖ ಮಾಡಿ ಮಲಗಿದ್ದರು. ಜೀವ ಹೋಗಬಾರದೆ ಅನ್ನಿಸಿತು. ಮುಗಿದಾಗ ಹೋದ ಜೀವ ಬಂದ ಹಾಗಾಯಿತು. ಎರಡೂ ನಿಜ.

"ಈ ಕಾಯಿಲೆ ಕೈಯಲ್ಲಿ ಕಾಣುತ್ತೆ ಅಷ್ಟೆ ಯಜಮಾನ್ರೇ, ಕರುಳನ್ನೂ ನಿಧಾನ ಮಾಡುತ್ತೆ" ಎಂದರು ಡಾಕ್ಟರಮ್ಮ. "ನನ್ನ ಪೇಷಂಟುಗಳಲ್ಲಿ ಬಹಳ ಜನಕ್ಕೆ ಇದಿದೆ. ಮಾತ್ರೆ ಕರುಳಿಗೆ ಇಳಿದ್ರೆ ತಾನೆ ಕೈಗೆ ಹೋಗೋದು. ದಾರಿಯೇ ಕಟ್ಟಿದ್ರೆ ಎಷ್ಟು ನುಂಗಿದ್ರೂ ಏನು ಬಂತು? ನೀವು ಇಲ್ಲ ಅಂದ್ರಿ, ನಾನು ಹೆಚ್ಚು ಮಾಡ್ತಾ ಹೋದೆ." ನಡುಕದ ಹೊಸ ಮಾತ್ರೆ ನಿಲ್ಲಿಸಿದರು. ನೀರಿಗೆ ಕಲಸುವ ಪುಡಿ ಕೊಟ್ಟರು, ನೀರು ಚೆನ್ನಾಗಿ ಕುಡಿಯಲು ಹೇಳಿದರು, ಕೂರುವಾಗ ಕಾಲ ಕೆಳಗೆ ಚಿಕ್ಕ ಮಣೆ ಇಡಿ ಎಂದರು. "ಮತ್ತೆ ಬಂದಾಗ ತಡ್ಕೋಬೇಡಿ. ಯಾರಿದ್ರೂ ಸರಿ, ಎದ್ದು ಹೋಗಿ."

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಅದೇ ಕಷ್ಟವಾಯಿತು. ಟೇಪನ್ನು ಬೆರಳಿಗೆ ಸುತ್ತುತ್ತ ಕೂತಿದ್ದು, "ನಾನು ಬೀದಿಯೆಲ್ಲ ಹೇಳ್ಕೊಂಡು ಬಂದೆ, ನಮ್ಮವರು ದಪ್ಪ ಆಗಿದ್ದಾರೆ ಅಂತ" ಎಂದಳು. ಮಾಸ್ಟರ್ ತಲೆ ತಗ್ಗಿಸಿಕೊಂಡು ಆಕೆ ಕೊಟ್ಟ ನೀರು ಕುಡಿದರು.

ಮಾತ್ರೆ ಮತ್ತೆ ಕೆಲಸ ಮಾಡತೊಡಗಿತು. ಮೊದಲಿನಷ್ಟಲ್ಲ, ಆದರೂ ಬೆಳಗ್ಗೆ ಬರಿಹೊಟ್ಟೆಗೆ ನುಂಗಿದರೆ ಕೆಲಹೊತ್ತು ಕೈ ಕೈಯಾಗಿರುತ್ತಿತ್ತು. ಆ ಹೊತ್ತಿನಲ್ಲಿ ಎಲಾಸ್ಟಿಕ್ ಪ್ಯಾಂಟನ್ನು ಮಾಸ್ಟರೇ ಕತ್ತರಿಸಿದರು. ಹಾಕುವುದಾದರೆ ನೆಟ್ಟಗಿನದೇ ಹಾಕುತ್ತೇನೆ ಎಂದರು. ಮಗ ಕತ್ತರಿ ಜಾರದೆ ಹೋದದ್ದನ್ನು ನಿಂತು ನೋಡಿ, ಕಟರನಿಗೆ ಮಧ್ಯಾಹ್ನ ಮಾತ್ರ ಬಂದರೆ ಸಾಕೆಂದು ಹೇಳಿದ. ಬೆಳಗಿನ ಕತ್ತರಿ ಮಾಸ್ಟರದೇ ಆಗಿ ಉಳಿಯಿತು. ಎಲಾಸ್ಟಿಕ್ ಕಾಣದ ಹಾಗೆ ಶರಟು ಹೊರಗೆ ಬಿಟ್ಟುಕೊಂಡು ಓಡಾಡುತ್ತಿದ್ದರು, ಅದು ಬೇರೆ ಮಾತು.

ಹೀಗೊಂದು ಬೆಳಗ್ಗೆ ಬ್ಯಾಂಕ್ ಮ್ಯಾನೇಜರ್ ಬಂದರು, ಆ ವರ್ಷದ ಪ್ಯಾಂಟಿಗೆ. ಟ್ರಯಲ್ ಕೋಣೆಯ ಪರದೆ ಎಳೆದು ನಿಂತರು. ಮಾಸ್ಟರ್ ಟೇಪು ಹಾಕಿ, ಗೋಡೆ ನೋಡುತ್ತ, ಈ ಸಲ ಮಳೆ ತಡ ಎಂದರು. ಹೌದು ತಡ ಎಂದರು ಮ್ಯಾನೇಜರ್. ಅಷ್ಟರಲ್ಲಿ ಮಾಸ್ಟರ ಹೊಟ್ಟೆ ದೊಡ್ಡದಾಗಿ ಗುಡುಗಿತು. ಪುಡಿಯ ಪ್ರಭಾವ. ತಡೆಯಬಾರದು ಎಂದು ಹೇಳಿದ್ದಾರೆ. ತಡೆದರೆ ಏನಾಗುತ್ತದೆ ಎಂದು ನೋಡಿಯೂ ಆಗಿದೆ. ಪರದೆಯ ಆಚೆ ಸೊಸೆ ಚೀಟಿ ಹಿಡಿದು ನಿಂತಿದ್ದಾಳೆ. ಮಾಸ್ಟರ ಮುಖ ಕೆಂಪಾಯಿತು.

"ಸಾರ್, ತಪ್ಪು ತಿಳ್ಕೋಬೇಡಿ. ನಾನು ಕಕ್ಕಸಿಗೆ ಹೋಗಬೇಕು" ಎಂದರು. ಗಿರಾಕಿಯೊಬ್ಬರ ಮುಂದೆ ಆ ಮಾತು ಅವರ ಬಾಯಿಂದ ಬಂದದ್ದು ಜೀವಮಾನದಲ್ಲಿ ಅದೇ ಮೊದಲು.

ವಾಪಸು ಬರಲು ಬಹಳ ಹೊತ್ತಾಯಿತು. ಹೋಗಿರುತ್ತಾರೆ ಎಂದುಕೊಂಡರೆ ಮ್ಯಾನೇಜರ್ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎನ್ನಿಸಿ ಮಾಸ್ಟರ್ ಶರಟು ಎತ್ತಿ ಎಲಾಸ್ಟಿಕ್ ತೋರಿಸಿದರು. "ನನ್ನ ಕಾಯಿಲೆಗೆ ಹೊಟ್ಟೆಯೂ ಸೇರಿಕೊಂಡಿದೆ ಸಾರ್. ಗುಂಡಿ ಬಿಚ್ಚೋ ತನಕ ಅದು ಕಾಯಲ್ಲ. ನಾಚ್ಕೊಂಡು ಊಟ ಬಿಟ್ಟಿದ್ದೆ, ನೀರು ಬಿಟ್ಟಿದ್ದೆ. ಸಾಯೋದೊಂದು ಬಾಕಿ ಇತ್ತು."

ಮ್ಯಾನೇಜರ್ ಆ ಎಲಾಸ್ಟಿಕ್ಕನ್ನೇ ನೋಡಿದರು. "ಒಂದು ಮಾತು ಕೇಳ್ಲಾ ಮಾಸ್ಟ್ರೇ? ಇಷ್ಟು ವರ್ಷ ನೀವು ನನ್ನ ಅಳತೆ ತೆಗೆಯುವಾಗ ಮುಖ ತಿರುಗಿಸ್ಕೊಂಡು ಗೋಡೆ ನೋಡ್ತಿದ್ರಿ. ವಾಸನೆಗೆ ಅಲ್ವಾ?"

"ಅಯ್ಯೋ ಸಾರ್, ವಾಸನೆಯೆಲ್ಲಿ ಬಂತು? ನಿಮಗೆ ಸಂಕೋಚ ಆಗಬಾರದು ಅಂತ. ನಿಮ್ಮ ಮರ್ಯಾದೆಗೆ."

"ಹೌದಾ?" ಎಂದರು ಮ್ಯಾನೇಜರ್. "ನಾನು ವಾಸನೆ ಅಂದ್ಕೊಂಡಿದ್ದೆ. ಅದಕ್ಕೇ ಇಲ್ಲಿಗೆ ಬರೋ ದಿನ ಹಿಂದಿನ ರಾತ್ರಿಯಿಂದ ಏನೂ ತಿಂತಿರಲಿಲ್ಲ. ಚೀಲ ಖಾಲಿ ಇರಲಿ ಅಂತ."

ಮಾಸ್ಟರ ಕಣ್ಣು ಟೇಪಿನ ಕಡೆ ಹೋಯಿತು. ಅವರೊಳಗಿನ ಕಟಿಂಗ್ ಮಾಸ್ಟರ್ ಆ ಮಾತನ್ನು ಮನುಷ್ಯನಿಗಿಂತ ಮೊದಲೇ ಕೇಳಿಸಿಕೊಂಡಿದ್ದ. "ಹಾಗಾದ್ರೆ ನಾನು ಇಷ್ಟು ವರ್ಷ ತೆಗೆದದ್ದು ಬರಿಹೊಟ್ಟೆ ಅಳತೆ. ಊಟ ಮಾಡಿದ ಮೇಲೆ ಪ್ಯಾಂಟು..."

"ಬಿಗಿ ಆಗ್ತದೆ. ಚೀಲ ಒತ್ತುತ್ತದೆ, ಒಂದೊಂದು ಸಲ ಸೋರಿದ್ದೂ ಇದೆ. ನಾನು ಹೊರಗೆ ಊಟ ಮಾಡೋದೇ ಬಿಟ್ಟೆ. ಹೇಗೆ ಹೇಳೋದು ನಿಮಗೆ? ನೀವು ಮಳೆ ಬಗ್ಗೆ ಮಾತಾಡ್ತಿದ್ರಿ."

ಮೇಜಿಗೆ ಅಂಟಿ ನಿಂತ ದಿನ ಪಟ್ಟ ನಾಚಿಕೆ ಇದರ ಮುಂದೆ ಏನೂ ಅಲ್ಲವೆನ್ನಿಸಿತು ಮಾಸ್ಟರಿಗೆ. ಅದು ಮೈಯದು, ತೊಳೆದರೆ ಹೋಯಿತು. ಇದು ತಮ್ಮ ಹೆಮ್ಮೆಯದು. ಅವರು ಮ್ಯಾನೇಜರ ಮುಖ ನೋಡಿದರು. ಬಲಗಣ್ಣಿನ ಕೆಳಗೆ ಅಷ್ಟು ದೊಡ್ಡ ಮಚ್ಚೆಯಿತ್ತು. ಇಷ್ಟು ವರ್ಷದಲ್ಲಿ ಅದನ್ನು ಕಂಡದ್ದು ಇವತ್ತು.

"ಇವತ್ತೂ ತಿಂದಿಲ್ವಾ ಸಾರ್?"

ಮ್ಯಾನೇಜರ್ ಇಲ್ಲವೆಂದು ತಲೆಯಾಡಿಸಿದರು.

ಮಾಸ್ಟರ್ ಟೇಪು ಸುತ್ತಿ ಜೇಬಿಗಿಟ್ಟುಕೊಂಡು, ಪರದೆ ಸರಿಸಿ, ಬರೆದ ಚೀಟಿ ಹರಿದುಹಾಕು ಎಂದು ಸೊಸೆಗೆ ಹೇಳಿದರು. ಮೇಲಿನ ಮನೆಗೆ ಕೇಳುವ ಹಾಗೆ, ಇದ್ದಷ್ಟು ದನಿಯಲ್ಲಿ, ಇಬ್ಬರಿಗೆ ತಟ್ಟೆ ಹಾಕಲು ಹೆಂಡತಿಗೆ ಕೂಗಿ ಹೇಳಿದರು.

"ಬನ್ನಿ ಸಾರ್, ಮೊದಲು ಹೊಟ್ಟೆತುಂಬ ಊಟ ಮಾಡಿ" ಎಂದರು. "ಅಳತೆ ಆಮೇಲೆ ತೆಗೀತೀನಿ."